ಪಾಲಿಅನಿಲಿನ್ ನ್ಯಾನೋಕಣದ ಮೇಲೆ ಕಿಣ್ವ ಕೂರಿಸಿದೆ, ಪಿಎಚ್ 7ರಲ್ಲಿ ಕರೆಂಟೇ ಇಲ್ಲ. ಬಲ್ಲವರು ಯಾರಾದರೂ ಹೇಳಿ

ಅನಿಲಿನ್_ಹಸಿರು | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಗ್ಲೂಕೋಸ್ ಬಯೋಸೆನ್ಸರ್, ಅಂದರೆ ಕಿಣ್ವದ ನೆರವಿನಿಂದ ಗ್ಲೂಕೋಸನ್ನು ಕರೆಂಟಾಗಿ ಅಳೆಯುವ ಸಾಧನ, ನನ್ನ ವಿಷಯ. ಮೂರು ತಿಂಗಳಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ಕನ್ನಡದಲ್ಲಿ ಬಿಡಿಸಿ ಬರೆದರೆ ನನ್ನ ತಲೆಯೂ ಸ್ವಲ್ಪ ತಿಳಿಯಾಗಬಹುದು ಅನ್ನಿಸಿತು.

ಮಾಡಿದ್ದು ಇಷ್ಟು. ಅನಿಲಿನ್ ಬಾಟಲಿ ತೆರೆದಾಗ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ನೀರಿನ ಹಾಗೆ ತಿಳಿಯಾದ ಮೇಲೆ ಬಳಸಿದೆ. ಡಿಬಿಎಸ್‌ಎ, ಅಂದರೆ ಡೋಡೆಸಿಲ್‌ಬೆಂಜೀನ್ ಸಲ್ಫೋನಿಕ್ ಆಸಿಡ್, ನೀರಿನಲ್ಲಿ ಕಲಸಿ ಅದಕ್ಕೆ ಅನಿಲಿನ್ ಹಾಕಿ, ಅಮೋನಿಯಂ ಪರ್‌ಸಲ್ಫೇಟ್ ಸೇರಿಸಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ತೆಳು ನೀಲಿ ಕಾಣಿಸಿತು, ಆಮೇಲೆ ನೋಡನೋಡುತ್ತಲೇ ಕಡು ಹಸಿರು. ಅನಿಲಿನ್ ಅಣುಗಳು ಸರಪಳಿಯಾಗಿ ಸೇರಿ, ವಿದ್ಯುತ್ ಒಯ್ಯುವ ಪ್ಲಾಸ್ಟಿಕ್ ಪಾಲಿಅನಿಲಿನ್ ಆಗಿತ್ತು. ಎಸ್‌ಡಿಎಸ್ ಅನ್ನುವ ಸೋಪಿನಂಥ ವಸ್ತುವಿನ ದ್ರಾವಣದಲ್ಲಿ, ಸೋಸುವ ಚೀಲದಲ್ಲಿಟ್ಟು, ಎರಡು ದಿನ ಡಯಾಲಿಸಿಸ್ ಮಾಡಿದೆ. ಬೆಳಕು ಚದುರುವುದನ್ನು ನೋಡಿ ಕಣ ಅಳೆಯುವ ಡಿಎಲ್‌ಎಸ್‌ನಲ್ಲಿ ಕಣಗಳ ಅಳತೆ 100 ನ್ಯಾನೋಮೀಟರ್ ಒಳಗೇ ಬಂತು. ಅಲ್ಲಿಯವರೆಗೆ ಖುಷಿಯಾಗಿದ್ದೆ.

5 ಮೈಕ್ರೋಲೀಟರ್ ಹನಿಯನ್ನು ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಬಿಟ್ಟು ಒಣಗಿಸಿದೆ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸಿವಿ, ಅಂದರೆ ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ನೋಡುವ ಗ್ರಾಫ್, ತೆಗೆದರೆ ಪುಸ್ತಕದಲ್ಲಿರುವ ಹಾಗೆಯೇ ಎರಡು ಜೋಡಿ ಪೀಕ್. ಅದೇ ಎಲೆಕ್ಟ್ರೋಡನ್ನು ತೊಳೆದು ಪಿಎಚ್ 7ರ ಫಾಸ್ಫೇಟ್ ಬಫರಿಗೆ ಇಳಿಸಿದರೆ ಪೀಕ್ ಮಾಯ. ಆದರೂ ಬಿಡದೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವದ ದ್ರಾವಣದಲ್ಲಿ ರಾತ್ರಿಯಿಡೀ ಅದ್ದಿಟ್ಟು, ಬೆಳ್ಳಿ-ಸಿಲ್ವರ್ ಕ್ಲೋರೈಡ್ ಹೋಲಿಕೆ ಎಲೆಕ್ಟ್ರೋಡಿನ ಎದುರು +0.6 ವೋಲ್ಟ್ ಕೊಟ್ಟು ಗ್ಲೂಕೋಸ್ ಹಾಕುತ್ತಾ ಹೋದೆ. ಕರೆಂಟ್ ಚೂರು ಏರುತ್ತದೆ, 2 ಮಿಲಿಮೋಲಾರ್ ದಾಟಿದ ಮೇಲೆ ಸಪಾಟು. ಐದನೇ ದಿನಕ್ಕೆ ಅದೂ ಇಲ್ಲ.

ಇನ್ನೊಂದು ವಿಷಯ. -0.45 ವೋಲ್ಟ್ ಹತ್ತಿರ ಒಂದು ಚಿಕ್ಕ ಜೋಡಿ ಪೀಕ್ ಬರುತ್ತಿದೆ. ಕಿಣ್ವದಿಂದ ನೇರವಾಗಿ ಎಲೆಕ್ಟ್ರಾನ್ ಬರುತ್ತಿದೆ ಅನ್ನುವುದಕ್ಕೆ ಇದೇ ಗುರುತು, ಪೇಪರ್ ಬರೆದುಬಿಡು ಅಂತ ಸುತ್ತಲಿನವರು ಹೇಳುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ತುಂಗಾತೀರ | ಮಂಗಳವಾರ ಬೆಳಗ್ಗೆ

ತಂಗಿ, ಪೀಕ್ ಮಾಯವಾದದ್ದು ನಿಮ್ಮ ಕೈತಪ್ಪಿನಿಂದಲ್ಲ. ಪಾಲಿಅನಿಲಿನ್ ಇರುವುದೇ ಹಾಗೆ. ಆ ಹಸಿರು ಇದೆಯಲ್ಲ, ಅದು ಎಮರಾಲ್ಡಿನ್ ಸಾಲ್ಟ್. ಸರಪಳಿಯ ನೈಟ್ರೋಜನ್ ಮೇಲೆ ಪ್ರೋಟಾನ್ ಕೂತಿರುವ ತನಕ ಮಾತ್ರ ಅದರಲ್ಲಿ ಕರೆಂಟ್ ಹರಿಯುತ್ತದೆ. ಪಿಎಚ್ ಸುಮಾರು 4 ದಾಟಿತು ಅಂದರೆ ಪ್ರೋಟಾನ್‌ಗಳು ಬಿಟ್ಟು ಹೋಗಲು ಶುರುವಾಗುತ್ತವೆ, ಹಸಿರು ಹೋಗಿ ನೀಲಿ ಆಗುತ್ತದೆ. ಆ ನೀಲಿಗೆ ಎಮರಾಲ್ಡಿನ್ ಬೇಸ್ ಅಂತ ಹೆಸರು. ಸೆಂಟಿಮೀಟರಿಗೆ 1 ಸೀಮೆನ್ಸ್ ಆಸುಪಾಸಿನಲ್ಲಿದ್ದ ವಾಹಕತೆ, ಪೂರ್ತಿ ಬೇಸ್ ಆಗಿಬಿಟ್ಟರೆ ಸಾವಿರ ಕೋಟಿ ಪಟ್ಟು ಕುಸಿಯುತ್ತದೆ. ನಿಮ್ಮ ಬಫರಿನಲ್ಲಿ ಆಗುತ್ತಿರುವುದು ಇದೇ. ಕಿಣ್ವಕ್ಕೆ 7 ಬೇಕು, ಪಾಲಿಮರಿಗೆ 3 ಬೇಕು. ಇವೆರಡಕ್ಕೂ ರಾಜಿ ಮಾಡಿಸದೆ ಮುಂದೆ ಹೋಗಲು ಆಗುವುದಿಲ್ಲ.

ರಾಜಿ ಮಾಡಿಸುವ ದಾರಿ ಇದೆ. ಹೈಡ್ರೋಕ್ಲೋರಿಕ್ ಆಸಿಡ್‌ನ ಕ್ಲೋರೈಡ್ ಚಿಕ್ಕದು, ತೊಳೆದರೆ ಹೊರಟುಹೋಗುತ್ತದೆ. ಅದರ ಬದಲು ಪಾಲಿಸ್ಟೈರೀನ್ ಸಲ್ಫೊನೇಟ್, ಪಾಲಿವಿನೈಲ್ ಸಲ್ಫೊನೇಟ್ ತರಹದ ಉದ್ದ ಸರಪಳಿಯ ಆಸಿಡ್ ಹಾಕಿದರೆ ಅದು ಪಾಲಿಅನಿಲಿನ್ ಜೊತೆ ಹೆಣೆದುಕೊಂಡು ಕೂತುಬಿಡುತ್ತದೆ, ಹೊರಗಿನ ದ್ರಾವಣ 7 ಇದ್ದರೂ ಒಳಗೆ ಸುತ್ತಮುತ್ತ ಹುಳಿ ಉಳಿಯುತ್ತದೆ. ಅನಿಲಿನ್ ಉಂಗುರಕ್ಕೇ ಸಲ್ಫೊನೇಟ್ ಕಟ್ಟಿರುವ ಬಗೆಯೂ ಇದೆ, ಅದಕ್ಕೆ ಹೊರಗಿನ ಆಸಿಡ್ ಬೇಕಾಗುವುದೇ ಇಲ್ಲ. ನಿಮ್ಮ ಡಿಬಿಎಸ್‌ಎ ಕ್ಲೋರೈಡ್‌ಗೂ ಆ ಉದ್ದ ಸರಪಳಿಯ ಆಸಿಡ್‌ಗೂ ನಡುವಿನದು. ಕ್ಲೋರೈಡ್‌ಗಿಂತ ಎಷ್ಟೋ ವಾಸಿ, ಆದರೆ ಬಫರಿನಲ್ಲಿ ದಿನಗಟ್ಟಲೆ ಇಟ್ಟರೆ ಅದೂ ಕೈಬಿಡುತ್ತದೆ.

ನಾನು ಇದನ್ನೆಲ್ಲ ಕಲಿತದ್ದು ಡಬ್ಲಿನ್ ಸಿಟಿ ಯೂನಿವರ್ಸಿಟಿ ಗುಂಪಿನ ಕೆಲಸ ಓದಿ. ಡಿಬಿಎಸ್‌ಎ ಹಾಕಿದ ಪಾಲಿಅನಿಲಿನ್ ನ್ಯಾನೋಕಣಗಳನ್ನು ಗ್ಲಾಸಿ ಕಾರ್ಬನ್ ಮೇಲೆ ಕೂರಿಸಿ, ಅದರ ಮೇಲೆ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಇಟ್ಟು ಹೈಡ್ರೋಜನ್ ಪೆರಾಕ್ಸೈಡ್ ಅಳೆದರು. 2005ರ ಸುಮಾರಿನ ಮಾತು. ಅವರು ಆರಿಸಿದ ಕಿಣ್ವ ಯಾವುದು ಅನ್ನುವುದನ್ನು ಗಮನಿಸಿ, ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ಕ್ಲಾಸಿಗೆ ಹೊತ್ತಾಯಿತು.

ಹೊಸಬ_ಬಿಎಸ್ಸಿ | ಮಂಗಳವಾರ ಮಧ್ಯಾಹ್ನ

ನಾನು ಬಿಎಸ್ಸಿ ಕೊನೇ ವರ್ಷ. ಒಂದು ಸಾಮಾನ್ಯ ಪ್ರಶ್ನೆ. ಇಷ್ಟು ತೊಂದರೆ ಕೊಡುವ ಪ್ಲಾಸ್ಟಿಕ್ ಯಾಕೆ ಬೇಕು? ಪ್ಲಾಟಿನಂ ತಂತಿ ಮೇಲೆ ಕಿಣ್ವ ಅಂಟಿಸಿದರೆ ಸಾಕಲ್ವಾ? ಪಾಲಿಮರೇ ಬೇಕು ಅಂದರೂ ನ್ಯಾನೋಕಣ ಯಾಕೆ, ಎಲೆಕ್ಟ್ರೋಡ್ ಮೇಲೆಯೇ ಬೆಳೆಸಬಹುದಲ್ವಾ?

ಬಯಲುಸೀಮೆ_ಬಸು | ಮಂಗಳವಾರ ಸಂಜೆ

ಒಳ್ಳೆ ಪ್ರಶ್ನೆ ತಮ್ಮಾ. ನಾನು ಬೆಂಗಳೂರಿನಲ್ಲಿ ಪರೀಕ್ಷಾ ಪಟ್ಟಿ, ಅಂದರೆ ಸ್ಟ್ರಿಪ್, ಮಾಡುವ ಕೆಲಸದಲ್ಲಿದ್ದೇನೆ. ನನಗೆ ತಿಳಿದಂತೆ ಹೇಳುತ್ತೇನೆ.

ಪ್ಲಾಟಿನಂ ಮೇಲೆ ಮಾಡುವುದು ಹಳೇ ದಾರಿ, ಈಗಲೂ ಕೆಲಸ ಮಾಡುತ್ತದೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಕಿಣ್ವದ ಎಲೆಕ್ಟ್ರೋಡ್ ಎಂಬ ಯೋಚನೆ ಕೊಟ್ಟರು. ಗ್ಲೂಕೋಸ್ ಆಕ್ಸಿಡೇಸ್ ಗ್ಲೂಕೋಸನ್ನು ಉತ್ಕರ್ಷಿಸಿ, ಸಿಕ್ಕಿದ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ಕೊಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪ್ಲಾಟಿನಂ ಮೇಲೆ +0.6, +0.7 ವೋಲ್ಟ್ ಕೊಟ್ಟರೆ ಆ ಪೆರಾಕ್ಸೈಡ್ ಎಷ್ಟಿದೆ ಅಂತ ಕರೆಂಟಿನಲ್ಲಿ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಆ ವೋಲ್ಟೇಜಿನಲ್ಲಿ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಸಿಡ್, ತಿಂದ ಪ್ಯಾರಾಸಿಟಮಾಲ್ ಎಲ್ಲವೂ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಸಕ್ಕರೆ ಇಲ್ಲದಿದ್ದರೂ ಇದೆ ಅಂತ ತೋರಿಸುತ್ತದೆ. ಪ್ಲಾಟಿನಂ ಬೆಲೆಯೂ ಗೊತ್ತಲ್ಲ.

ಪಾಲಿಮರ್ ಕಡೆಯಿಂದ ನೋಡಿದರೆ, ಅನಿಲಿನ್‌ನಿಂದ ಬಣ್ಣದ ಪದರ ಕಟ್ಟುವುದನ್ನು ಲಂಡನ್ನಿನ ಹೆನ್ರಿ ಲೆಥ್‌ಬಿ 1862ರಲ್ಲೇ ನೋಡಿದ್ದ. ಆದರೆ ಪ್ಲಾಸ್ಟಿಕ್ ಕೂಡ ಲೋಹದ ಹಾಗೆ ವಿದ್ಯುತ್ ಒಯ್ಯಬಹುದು ಅನ್ನುವುದು ಜನಕ್ಕೆ ನಂಬಿಕೆಯಾದದ್ದು 1977ರಲ್ಲಿ, ಶಿರಾಕಾವಾ, ಮ್ಯಾಕ್‌ಡೈರ್ಮಿಡ್, ಹೀಗರ್ ಮೂವರೂ ಪಾಲಿಅಸಿಟಿಲೀನಿಗೆ ಅಯೋಡಿನ್ ಕೊಟ್ಟ ಮೇಲೆ. 2000ದಲ್ಲಿ ಮೂವರಿಗೂ ನೊಬೆಲ್ ಬಂತು. 1986ರ ಹೊತ್ತಿಗೇ ಪಾಲಿಪೈರೋಲ್ ಅನ್ನುವ ಇನ್ನೊಂದು ವಾಹಕ ಪಾಲಿಮರ್ ಬೆಳೆಯುವಾಗ ಅದರೊಳಗೆ ಗ್ಲೂಕೋಸ್ ಆಕ್ಸಿಡೇಸನ್ನು ಸೆರೆ ಹಿಡಿದು ಸೆನ್ಸರ್ ಮಾಡಿದ್ದರು. ಪೈರೋಲ್ ಪಿಎಚ್ 7ರ ನೀರಿನಲ್ಲೂ ಬೆಳೆಯುತ್ತದೆ, ಹಾಗಾಗಿ ಅದು ಆಯಿತು. ಅನಿಲಿನ್ ಹಾಗಲ್ಲ. ಅದಕ್ಕೆ ಪಿಎಚ್ 1ರ ಹತ್ತಿರದ ಆಸಿಡ್ ಬೇಕು. ಆ ಆಸಿಡ್‌ನಲ್ಲಿ ಕಿಣ್ವ ಉಳಿಯುವುದಿಲ್ಲ.

ನ್ಯಾನೋಕಣದ ನಿಜವಾದ ಬೆಲೆ ಇರುವುದು ಇಲ್ಲೇ ನೋಡ್ರಿ. ಎಲ್ಲರೂ ಮೇಲ್ಮೈ ಜಾಸ್ತಿ, ಮೇಲ್ಮೈ ಜಾಸ್ತಿ ಅನ್ನುತ್ತಾರೆ. ಅದು ನಿಜ, ಆದರೆ ನನ್ನ ಲೆಕ್ಕದಲ್ಲಿ ಅದು ಎರಡನೇ ಮಾತು. ಪಾಲಿಅನಿಲಿನ್ ಮಾಮೂಲಿ ದ್ರಾವಕಗಳಲ್ಲಿ ಕರಗುವುದಿಲ್ಲ, ಕಾಯಿಸಿದರೆ ಮೇಣದಂತೆ ಹರಿಯುವುದೂ ಇಲ್ಲ, ಮೊದಲೇ ಸುಟ್ಟುಹೋಗುತ್ತದೆ. ಒಂದೊಂದು ಎಲೆಕ್ಟ್ರೋಡನ್ನೂ ಆಸಿಡ್‌ನಲ್ಲಿ ಇಳಿಬಿಟ್ಟು ಪದರ ಬೆಳೆಸಬೇಕು. ದಿನಕ್ಕೆ ಹತ್ತು ಮಾಡಬಹುದು, ಹತ್ತು ಸಾವಿರ ಆಗುವುದಿಲ್ಲ. ನ್ಯಾನೋಕಣ ಆದರೆ ನೀರಿನಲ್ಲಿ ತೇಲುವ ಶಾಯಿ. ಆಸಿಡ್, ಪರ್‌ಸಲ್ಫೇಟ್ ಎಲ್ಲವನ್ನೂ ಮೊದಲೇ ತೊಳೆದು, ಆಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಬೇಕಾದ ಕಡೆ ಬೇಕಾದಷ್ಟೇ ಚುಕ್ಕೆ ಇಡಬಹುದು. ಕಿಣ್ವ ಬಂದು ಕೂರುವ ಹೊತ್ತಿಗೆ ಅದನ್ನು ಕೊಲ್ಲುವ ವಸ್ತು ಅಲ್ಲಿರುವುದಿಲ್ಲ.

ಇನ್ನು ಹಸಿರು ಮೇಡಂ, ನಿಮ್ಮ 2 ಮಿಲಿಮೋಲಾರ್ ಸಪಾಟಿನ ಬಗ್ಗೆ. ಗಾಳಿ ತಾಗಿದ ಬಫರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್ ಅಷ್ಟೇ. ಕಿಣ್ವಕ್ಕೆ ಗ್ಲೂಕೋಸ್ ಎಷ್ಟು ಕೊಟ್ಟರೂ ಎಲೆಕ್ಟ್ರಾನ್ ಇಳಿಸಲು ಆಮ್ಲಜನಕ ಸಾಲದಿದ್ದರೆ ಅದು ನಿಂತುಬಿಡುತ್ತದೆ. ನಿಮ್ಮ ಎಲೆಕ್ಟ್ರೋಡಿನಲ್ಲಿ ಇದೂ ಒಂದು ಕಾರಣ ಇರಬಹುದು. ಮೇಲೊಂದು ಪಾಲಿಯುರೆಥೇನ್ ಪೊರೆ ಹಾಕಿ ಗ್ಲೂಕೋಸ್ ನಿಧಾನವಾಗಿ ಒಳಬರುವಂತೆ ಮಾಡಿದರೆ ಗೆರೆ ಇನ್ನೂ ಮುಂದಕ್ಕೆ ಹೋಗುತ್ತದೆ.

ಅನಿಲಿನ್_ಹಸಿರು | ಮಂಗಳವಾರ ರಾತ್ರಿ

ಬಸು ಸರ್, ತುಂಗಕ್ಕಾ, ಇಬ್ಬರಿಗೂ ತುಂಬಾ ಧನ್ಯವಾದ. ಆಮ್ಲಜನಕದ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆದರೆ ಕಿಣ್ವ ಅಂಟಿಕೊಳ್ಳುತ್ತಿದೆಯೇ ಅನ್ನುವುದೇ ನನಗೀಗ ಅನುಮಾನ. ಪಾಲಿಅನಿಲಿನ್ ಧನ ಆವೇಶ, ಗ್ಲೂಕೋಸ್ ಆಕ್ಸಿಡೇಸ್ ಪಿಎಚ್ 7ರಲ್ಲಿ ಋಣ ಆವೇಶ, ಆದ್ದರಿಂದ ಎರಡೂ ಸೆಳೆದುಕೊಳ್ಳುತ್ತವೆ ಅಂತ ಓದಿದ್ದೆ. ಅದನ್ನೇ ನಂಬಿ ಅದ್ದಿಟ್ಟೆ. ಅದ್ದಿದ ನಂತರ ತೊಳೆದ ನೀರನ್ನು ಪರೀಕ್ಷೆ ಮಾಡಿದೆ, ಹಾಕಿದ ಕಿಣ್ವದಲ್ಲಿ ಮುಕ್ಕಾಲು ಪಾಲು ಆ ನೀರಿನಲ್ಲೇ ಇತ್ತು.

ತುಂಗಾತೀರ | ಬುಧವಾರ ಬೆಳಗ್ಗೆ

ನಾನು ಆಮೇಲೆ ಬರೆಯುತ್ತೇನೆ ಅಂದದ್ದು ಇದನ್ನೇ. ನೀವು ಓದಿದ ಮಾತು ಬರೀ ಪಾಲಿಅನಿಲಿನ್‌ಗೆ ಸರಿ. ನಿಮ್ಮ ಕಣ ಬರೀ ಪಾಲಿಅನಿಲಿನ್ ಅಲ್ಲ. ಅದರ ಸುತ್ತ ಡಿಬಿಎಸ್‌ಎ ಇದೆ, ಮೇಲೆ ಎಸ್‌ಡಿಎಸ್ ಬೇರೆ ಇದೆ. ಎರಡೂ ಋಣ ಆವೇಶದ ತಲೆ ಹೊರಗೆ ಚಾಚಿಕೊಂಡು ನಿಂತಿರುತ್ತವೆ, ಕಣಗಳು ಒಂದಕ್ಕೊಂದು ಅಂಟದೆ ನೀರಿನಲ್ಲಿ ತೇಲುವುದೇ ಅದರಿಂದ. ಹಾಗಿದ್ದ ಮೇಲೆ ಋಣ ಆವೇಶದ ಗ್ಲೂಕೋಸ್ ಆಕ್ಸಿಡೇಸ್ ಅಲ್ಲಿಗೆ ಬರುತ್ತದಾ? ಅದರ ಐಸೋಎಲೆಕ್ಟ್ರಿಕ್ ಬಿಂದು, ಅಂದರೆ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, ಸುಮಾರು 4.2. 7ರಲ್ಲಿ ಅದು ಪೂರ್ತಿ ಋಣ. ಒಂದನ್ನೊಂದು ದೂರ ತಳ್ಳುತ್ತವೆ. ಡಬ್ಲಿನ್‌ನವರು ಬಳಸಿದ ಪೆರಾಕ್ಸಿಡೇಸ್‌ನ ಮುಖ್ಯ ಬಗೆಗೆ ಆ ಬಿಂದು 7ಕ್ಕಿಂತ ಮೇಲಿದೆ, ಅದು ಅದೇ ಬಫರಿನಲ್ಲಿ ಧನ ಆವೇಶ ಹೊತ್ತಿರುತ್ತದೆ. ಎಸ್‌ಡಿಎಸ್ ಕಣಕ್ಕೆ ತಾನಾಗಿ ಬಂದು ಅಂಟುತ್ತದೆ. ಕಣದ ಹೊರಮೈ ಆವೇಶ ತೋರಿಸುವ ಜೀಟಾ ಪೊಟೆನ್ಶಿಯಲ್ ಅಳೆಯಿರಿ, ಒಂದು ಗಂಟೆಯ ಕೆಲಸ, ಋಣ ಅಂತ ಬಂದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಇನ್ನೊಂದು ಎಚ್ಚರ. ಡಿಬಿಎಸ್‌ಎ ಅಂದರೆ ಬಟ್ಟೆ ಪುಡಿಯಲ್ಲಿರುವ ನೊರೆ ಬರಿಸುವ ವಸ್ತುವಿನ ಮೂಲ ಆಸಿಡ್. ಎಸ್‌ಡಿಎಸ್ ಕೂಡ ಸೋಪಿನ ಜಾತಿಯದೇ. ಪ್ರೋಟೀನ್ ಬಿಚ್ಚಿಹಾಕುವುದರಲ್ಲಿ ಇವು ಹೆಸರುವಾಸಿ, ಎಸ್‌ಡಿಎಸ್ ಜೆಲ್ ಓಡಿಸಿದವರಿಗೆಲ್ಲ ಗೊತ್ತು. ಡಯಾಲಿಸಿಸ್ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ನೋಡದೆ ಕಿಣ್ವ ಹಾಕಬೇಡಿ. ನಿಮ್ಮ ಹಸಿರು ದ್ರಾವಣವನ್ನೂ ಕಿಣ್ವವನ್ನೂ ಒಂದು ಟ್ಯೂಬಿನಲ್ಲಿ ಬೆರೆಸಿ, ಒಂದು ಗಂಟೆ ಬಿಟ್ಟು, ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆದು, ಕಿಣ್ವ ಇನ್ನೂ ಕೆಲಸ ಮಾಡುತ್ತಿದೆಯೇ ಅಂತ ಬಣ್ಣದಲ್ಲಿ ತೋರಿಸುವ ಎಬಿಟಿಎಸ್ ಪರೀಕ್ಷೆಯನ್ನು ಮೇಲಿನ ನೀರಿಗೆ ಮಾಡಿ. ಕಣ ಇಲ್ಲದ ಟ್ಯೂಬಿನ ಜೊತೆ ಹೋಲಿಸಿ. ಎಲೆಕ್ಟ್ರೋಡ್ ಮುಟ್ಟುವ ಮೊದಲು ಇದನ್ನು ಮಾಡಿದ್ದರೆ ನಿಮಗೆ ಎರಡು ತಿಂಗಳು ಉಳಿಯುತ್ತಿತ್ತು. ನನಗೂ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಆ -0.45 ವೋಲ್ಟ್ ಪೀಕ್. ನಿಮಗೆ ಧೈರ್ಯ ಬರದಿದ್ದದ್ದು ಒಳ್ಳೆಯದೇ ಆಯಿತು. ಗ್ಲೂಕೋಸ್ ಆಕ್ಸಿಡೇಸ್ ಒಳಗೆ ಎಲೆಕ್ಟ್ರಾನ್ ಹಿಡಿಯುವ ಫ್ಲೇವಿನ್, ಅಂದರೆ ಎಫ್‌ಎಡಿ, ಪ್ರೋಟೀನಿನ ಹೊರಮೈಯಿಂದ ಸುಮಾರು ಒಂದೂವರೆ ನ್ಯಾನೋಮೀಟರ್ ಆಳದಲ್ಲಿ ಹುದುಗಿದೆ. ಅಷ್ಟು ದಪ್ಪದ ಗೋಡೆ ದಾಟಿ ಎಲೆಕ್ಟ್ರಾನ್ ಹೊರಗೆ ಬರುವುದು ಬಹಳ ಕಷ್ಟ. ಆದರೆ ಕಿಣ್ವ ಬಿಚ್ಚಿಕೊಂಡು ಎಫ್‌ಎಡಿ ಹೊರಗೆ ಬಿದ್ದರೆ, ಆ ಬಿಡಿ ಎಫ್‌ಎಡಿ ಎಲೆಕ್ಟ್ರೋಡಿಗೆ ಅಂಟಿ ಸರಿಯಾಗಿ ಅದೇ ಜಾಗದಲ್ಲಿ ಚೆಂದದ ಪೀಕ್ ಕೊಡುತ್ತದೆ. ಅಂದರೆ ಸತ್ತ ಕಿಣ್ವದ ಗುರುತನ್ನು ಬದುಕಿರುವ ಕಿಣ್ವದ ಗುರುತು ಅಂತ ಓದಿದಂತೆ. ಕಾರ್ಬನ್ ನ್ಯಾನೋಟ್ಯೂಬ್, ಗ್ರಾಫೀನ್ ಮೇಲೆ ಇಂಥ ನೂರಾರು ಪೇಪರ್ ಬಂದವು. 2018ರಲ್ಲಿ ಬಾರ್ಟ್ಲೆಟ್ ಮತ್ತು ಅಲ್-ಲೊಲಾಗೆ ಎಂಬ ಇಬ್ಬರು ಸಂಶೋಧಕರು ಅವುಗಳನ್ನು ಜಾಲಾಡಿ, ಹಾಳಾಗದ ಗ್ಲೂಕೋಸ್ ಆಕ್ಸಿಡೇಸ್‌ನಿಂದ ನೇರ ಎಲೆಕ್ಟ್ರಾನ್ ಬಂದದ್ದಕ್ಕೆ ಆಧಾರವೇ ಇಲ್ಲ ಅಂತ ಬರೆದರು.

ನೀವೇ ಪರೀಕ್ಷೆ ಮಾಡಿ. ನೈಟ್ರೋಜನ್ ಅರ್ಧ ಗಂಟೆ ಗುಳುಗುಳು ಬಿಟ್ಟು ಆಮ್ಲಜನಕ ಪೂರ್ತಿ ಓಡಿಸಿ, ಆಮೇಲೆ ಗ್ಲೂಕೋಸ್ ಹಾಕಿ. ನೇರ ಎಲೆಕ್ಟ್ರಾನ್ ನಿಜವಾಗಿದ್ದರೆ ಉತ್ಕರ್ಷಣದ ಕರೆಂಟ್ ಏರಲೇಬೇಕು. ಏರದಿದ್ದರೆ ಅದು ಬಿಡಿ ಎಫ್‌ಎಡಿ. ಕುದಿಸಿ ಕೊಂದ ಕಿಣ್ವ ಹಾಕಿಯೂ ನೋಡಿ, ಬರೀ ಎಫ್‌ಎಡಿ ಹಾಕಿಯೂ ನೋಡಿ. ಗಾಳಿ ಇರುವಾಗ ಗ್ಲೂಕೋಸ್ ಹಾಕಿದರೆ ಕರೆಂಟ್ ಕಡಿಮೆಯಾಗುವುದನ್ನು ತೋರಿಸಿ ಸಂಭ್ರಮಿಸುವವರಿದ್ದಾರೆ, ಅದು ಕಿಣ್ವ ಆಮ್ಲಜನಕವನ್ನು ತಿಂದು ಮುಗಿಸಿದ್ದರಿಂದ ಆಗುವುದು, ಬೇರೇನೂ ಅಲ್ಲ.

ಕಾವೇರಿ_ಅಮ್ಮ | ಬುಧವಾರ ರಾತ್ರಿ

ನನಗೆ ಇಲ್ಲಿನ ಅರ್ಧ ಮಾತು ಅರ್ಥವಾಗಲಿಲ್ಲ, ಆದರೂ ಪೂರ್ತಿ ಓದಿದೆ. ನನ್ನ ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಡಯಾಬಿಟಿಸ್. ದಿನಕ್ಕೆ ಐದಾರು ಸಲ ಬೆರಳು ಚುಚ್ಚುತ್ತೇನೆ. ಎಡಗೈ ಬೆರಳ ತುದಿಗಳೆಲ್ಲ ಗಟ್ಟಿಯಾಗಿಬಿಟ್ಟಿವೆ. ಸ್ಟ್ರಿಪ್ ಖರ್ಚೇ ತಿಂಗಳಿಗೆ ಸಾವಿರಗಟ್ಟಲೆ. ನೀವು ಮಾತಾಡುತ್ತಿರುವ ಈ ಕಣದಿಂದ ಸ್ಟ್ರಿಪ್ ಅಗ್ಗ ಆಗುತ್ತದಾ? ರೀಡಿಂಗ್ ಇನ್ನೂ ಸರಿಯಾಗಿ ಬರುತ್ತದಾ? ಕೆಲವು ಸಲ ಒಂದೇ ಬೆರಳಿನಿಂದ ಎರಡು ಸಲ ನೋಡಿದರೆ 20 ವ್ಯತ್ಯಾಸ ಬರುತ್ತದೆ, ಭಯವಾಗುತ್ತದೆ.

ಬಯಲುಸೀಮೆ_ಬಸು | ಗುರುವಾರ ಬೆಳಗ್ಗೆ

ಅಕ್ಕಾರ, ನಿಮಗೆ ನೇರವಾಗಿ ಹೇಳುತ್ತೇನೆ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಗ್ಲೂಕೋಸ್ ಸ್ಟ್ರಿಪ್‌ಗೆ ಪಾಲಿಅನಿಲಿನ್ ಕಣ ಬೇಕೇಬೇಕು ಅಂತಿಲ್ಲ. ಅಲ್ಲಿ ಎಲೆಕ್ಟ್ರಾನ್ ಸಾಗಿಸಲು ಮಧ್ಯವರ್ತಿ ಅಣುಗಳಿವೆ. 1984ರಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಮತ್ತು ಆಕ್ಸ್‌ಫರ್ಡ್ ಗುಂಪು ಫೆರೋಸೀನ್ ಬಳಸಿ ತೋರಿಸಿತು, 1987ಕ್ಕೆ ಪೆನ್ನಿನ ಆಕಾರದ ಮೀಟರ್ ಅಂಗಡಿಗೆ ಬಂತು. ಆಮೇಲೆ ಫೆರಿಸಯನೈಡ್, ಆಸ್ಮಿಯಂ ಬಂದವು. ಫೆರಿಸಯನೈಡ್ ಬಹಳ ಅಗ್ಗ. ಕಾರ್ಬನ್ ಶಾಯಿಯನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಅಚ್ಚು ಹಾಕುತ್ತಾರೆ, ಬಟ್ಟೆ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಹಾಗೆಯೇ. ಅದನ್ನು ಸೋಲಿಸುವಷ್ಟು ಅಗ್ಗ ಮಾಡುವುದು ಕಷ್ಟ.

20 ವ್ಯತ್ಯಾಸದ ಬಗ್ಗೆ. ಐಎಸ್‌ಒ 15197 ಅನ್ನುವ ನಿಯಮ, 2013ರ ಆವೃತ್ತಿ, ಹೇಳುವುದು ಹೀಗೆ: ನೂರರಲ್ಲಿ 95 ರೀಡಿಂಗ್ ಲ್ಯಾಬಿನ ಬೆಲೆಗೆ ಹತ್ತಿರ ಇರಬೇಕು, ಸಕ್ಕರೆ 100ಕ್ಕಿಂತ ಕಡಿಮೆ ಇದ್ದಾಗ 15 ಅಂಕದ ಒಳಗೆ, 100 ಮತ್ತು ಅದಕ್ಕಿಂತ ಮೇಲೆ ಶೇಕಡಾ 15ರ ಒಳಗೆ. ಅಂದರೆ 200 ಇದ್ದಾಗ 180 ಬಂದರೂ 220 ಬಂದರೂ ಮೀಟರ್ ಕೆಟ್ಟಿದೆ ಅಂತ ಅರ್ಥವಲ್ಲ. ಆದರೆ 70ರ ಸುತ್ತ 20 ವ್ಯತ್ಯಾಸ ಬಂದರೆ ಸುಮ್ಮನೆ ಬಿಡಬೇಡಿ. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ ಮತ್ತೆ ನೋಡಿ. ಮಕ್ಕಳ ಬೆರಳಲ್ಲಿ ಬಾಳೆಹಣ್ಣಿನ ಅಂಟಿದ್ದರೂ ಸಾಕು, ರೀಡಿಂಗ್ ಏರಿಬಿಡುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಒಂದು ಕ್ಷಣವೂ ತೆರೆದಿಡಬೇಡಿ, ಒಳಗಿನ ಕಿಣ್ವಕ್ಕೆ ತೇವ ಶತ್ರು. ಆಮೇಲೂ ಹಾಗೇ ಬಂದರೆ ಡಾಕ್ಟರಿಗೆ ತೋರಿಸಿ, ಮೀಟರನ್ನು ಲ್ಯಾಬ್ ರಕ್ತಪರೀಕ್ಷೆಯ ಜೊತೆ ಹೋಲಿಸಿ ನೋಡಲು ಕೇಳಿ.

ಕಿಣ್ವದ ಆಯ್ಕೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಮಾತು. ಪಿಕ್ಯೂಕ್ಯೂ ಅನ್ನುವ ಸಹಾಯಕ ಅಣುವಿನ ಗ್ಲೂಕೋಸ್ ಡಿಹೈಡ್ರೋಜಿನೇಸ್ ಬಳಸಿದ ಸ್ಟ್ರಿಪ್‌ಗಳು ಮಾಲ್ಟೋಸನ್ನೂ ಗ್ಲೂಕೋಸ್ ಅಂತ ಓದುತ್ತಿದ್ದವು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವಾಗ ಬಳಸುವ ಒಂದು ದ್ರವದಲ್ಲಿ ಐಕೋಡೆಕ್ಸ್‌ಟ್ರಿನ್ ಇರುತ್ತದೆ, ದೇಹದಲ್ಲಿ ಅದು ಮಾಲ್ಟೋಸ್ ಆಗುತ್ತದೆ. ಸಕ್ಕರೆ ಇಳಿದಿದ್ದರೂ ಮೀಟರ್ ಜಾಸ್ತಿ ತೋರಿಸಿತು, ಇನ್ಸುಲಿನ್ ಕೊಟ್ಟರು. 2009ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಾಗ 13 ಸಾವು ವರದಿಯಾಗಿತ್ತು. ನಮ್ಮ ಕೆಲಸದಲ್ಲಿ ಗ್ರಾಫಿನ ಗೆರೆ ನೇರ ಬಂತು ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಆ ತುದಿಯಲ್ಲಿ ಒಂದು ಮಗು ಇರುತ್ತದೆ.

ಹಸಿರು ಮೇಡಂ, ಇದರಿಂದ ನಿಮಗೂ ಒಂದು ಪ್ರಶ್ನೆ. 100 ಮಿಲಿಲೀಟರಿಗೆ 18 ಮಿಲಿಗ್ರಾಂ ಗ್ಲೂಕೋಸ್ ಅಂದರೆ 1 ಮಿಲಿಮೋಲಾರ್. ಊಟಕ್ಕೆ ಮೊದಲು ಆರೋಗ್ಯವಂತರ ರಕ್ತದಲ್ಲಿ 4ರಿಂದ 5.5 ಮಿಲಿಮೋಲಾರ್. ಸಕ್ಕರೆ 400 ಆದರೆ 22. ನಿಮ್ಮದು 2ಕ್ಕೆ ನಿಲ್ಲುತ್ತದೆ. ಪೇಪರಿನಲ್ಲಿ ಮೈಕ್ರೋಮೋಲಾರ್‌ವರೆಗೆ ಕಾಣುತ್ತದೆ ಅಂತ ಬರೆದರೆ ಚೆಂದ, ಆದರೆ ರಕ್ತಕ್ಕೆ ಅದರಿಂದ ಏನು ಉಪಯೋಗ? ಗ್ಲೂಕೋಸ್ ಬಿಟ್ಟು ಬೇರೆ ಯಾವುದಕ್ಕೆ ನಿಮ್ಮ ಕಣ ಸೂಕ್ತ ಅಂತ ಯೋಚಿಸಿದ್ದೀರಾ?

ಡೈರಿ_ಲ್ಯಾಬ್ | ಗುರುವಾರ ಸಂಜೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಒಂದು ಹಾಲಿನ ಡೈರಿಯ ಪರೀಕ್ಷಾ ಕೊಠಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಪಿಎಚ್ ಏರಿದರೆ ಈ ಹಸಿರು ನೀಲಿ ಆಗುತ್ತದೆ, ಕರೆಂಟ್ ಬೀಳುತ್ತದೆ ಅಂತ ತುಂಗಕ್ಕ ಬರೆದದ್ದು ಓದಿದಾಗ ನನಗೆ ಯೂರಿಯಾ ನೆನಪಾಯಿತು. ಹಾಲಿಗೆ ಯೂರಿಯಾ ಬೆರೆಸಿದ್ದಾರಾ ಅಂತ ನೋಡಲು ನಾವು ಡಿಎಂಎಬಿ ಅನ್ನುವ ರಾಸಾಯನಿಕ ಹಾಕುತ್ತೇವೆ, ಹಳದಿ ಬರುತ್ತದೆ. ತೊಂದರೆ ಏನೆಂದರೆ ಒಳ್ಳೆ ಹಾಲಿನಲ್ಲೂ ಯೂರಿಯಾ ಇರುತ್ತದೆ, ಅದರಿಂದ ಎಲ್ಲ ಹಾಲೂ ತುಸು ಹಳದಿಯೇ. ಇದು ಜಾಸ್ತಿ ಹಳದಿಯಾ, ಮಾಮೂಲಿ ಹಳದಿಯಾ ಅಂತ ಬೆಳಗಿನ ಜಾವ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಣ್ಣಳತೆಯಲ್ಲಿ ಹೇಳಬೇಕು. ಹೊರಗೆ ಕ್ಯಾನ್ ಸಾಲು ನಿಂತಿರುತ್ತದೆ. ತಪ್ಪು ಹೇಳಿದರೆ ಒಬ್ಬ ರೈತನ ಆ ಹೊತ್ತಿನ ಹಾಲು ಪೂರ್ತಿ ವಾಪಸ್. ಮಿತಿ 100 ಮಿಲಿಲೀಟರಿಗೆ 70 ಮಿಲಿಗ್ರಾಂ. ಯೂರಿಯಾ ಒಡೆಯುವ ಕಿಣ್ವ ಇದೆಯಲ್ಲ, ಅದು ಅಮೋನಿಯಾ ಬಿಡುತ್ತದೆ, ಅಮೋನಿಯಾ ಕ್ಷಾರ. ನಿಮ್ಮ ಕಣಕ್ಕೆ ಅದು ಗೊತ್ತಾಗುವುದಿಲ್ವಾ?

ತುಂಗಾತೀರ | ಗುರುವಾರ ರಾತ್ರಿ

ಗೊತ್ತಾಗುತ್ತದೆ! ಇದು ಬಹಳ ಒಳ್ಳೆ ಜಾಗ. ಆ ಕಿಣ್ವ ಯೂರಿಯೇಸ್. 1926ರಲ್ಲಿ ಜೇಮ್ಸ್ ಸಮ್ನರ್ ಜಾಕ್ ಬೀನ್ ಹಿಟ್ಟಿನಿಂದ ಅದನ್ನು ಹರಳು ಮಾಡಿ ತೆಗೆದ, ಹರಳಾಗಿ ಸಿಕ್ಕ ಮೊದಲ ಕಿಣ್ವವೇ ಅದು. ಕಲ್ಲಂಗಡಿ ಬೀಜದಲ್ಲೂ ಇದೆ. ಒಂದು ಯೂರಿಯಾ ಅಣುವಿನಿಂದ ಎರಡು ಅಮೋನಿಯಾ. ಅಮೋನಿಯಾ ಬಂದು ಪಾಲಿಅನಿಲಿನ್‌ನ ಪ್ರೋಟಾನ್ ಕಿತ್ತುಕೊಳ್ಳುತ್ತದೆ, ಪದರದ ರೋಧ ಏರುತ್ತದೆ. ಡಬ್ಲಿನ್ ಗುಂಪು ಇದೇ ಡಿಬಿಎಸ್‌ಎ ಕಣಗಳನ್ನು ಇಂಕ್‌ಜೆಟ್‌ನಲ್ಲಿ ಅಚ್ಚು ಹಾಕಿ ಅಮೋನಿಯಾ ಅಳೆಯುವ ಸೆನ್ಸರ್ ಮಾಡಿತ್ತು.

ಆದರೆ ಸೆನ್ಸರನ್ನು ಸೀದಾ ಹಾಲಿಗೆ ಅದ್ದಿದರೆ ಆಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ಹಾಲಿನ ಪಿಎಚ್ 6.7ರ ಹತ್ತಿರ. ಅಲ್ಲಿನ ಫಾಸ್ಫೇಟ್, ಕೇಸೀನ್ ಎಲ್ಲ ಸೇರಿ ಪಿಎಚ್ ಬದಲಾಗದಂತೆ ಹಿಡಿದಿಡುತ್ತವೆ. ಕೊಬ್ಬು, ಪ್ರೋಟೀನ್ ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುತ್ತವೆ. ಜೊತೆಗೆ ಅಮೋನಿಯಂನ ಪಿಕೆಎ, ಅಂದರೆ ಅಮೋನಿಯಂ, ಅಮೋನಿಯಾ ಎರಡೂ ಸಮಪಾಲಿರುವ ಪಿಎಚ್, 9.25, ಹಾಗಾಗಿ 6.7ರಲ್ಲಿ ಅನಿಲವಾಗಿ ಏಳಬಲ್ಲ ಅಮೋನಿಯಾ ಶೇಕಡಾ 0.3 ಅಷ್ಟೇ, ಉಳಿದದ್ದೆಲ್ಲ ಅಮೋನಿಯಂ ಆಗಿ ನೀರಿನಲ್ಲೇ ಕೂತಿರುತ್ತದೆ. ಆದ್ದರಿಂದ ಎರಡು ಹೆಜ್ಜೆ ಬೇಕು. ಮೊದಲು ಹಾಲಿಗೆ ಯೂರಿಯೇಸ್ ಹಾಕಿ ಕೆಲವು ನಿಮಿಷ ಬಿಡಿ. ಆಮೇಲೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 11ಕ್ಕೆ ಏರಿಸಿ. ಎಲ್ಲ ಅಮೋನಿಯಾವೂ ಅನಿಲವಾಗಲು ತಯಾರಾಗುತ್ತದೆ. ನಡುವೆ ಟೆಫ್ಲಾನ್ ಪೊರೆ ಇಟ್ಟು ಆಚೆ ಬದಿಯಲ್ಲಿ ನಿಮ್ಮ ಹಸಿರು ಪದರ ಇಡಿ. ಹಾಲು ಪದರವನ್ನು ಮುಟ್ಟುವುದೇ ಇಲ್ಲ. ಕಿಣ್ವವೂ ಮುಟ್ಟುವುದಿಲ್ಲ, ಸೋಪಿನ ತೊಂದರೆಯೂ ಹೋಯಿತು. ಯೂರಿಯೇಸ್ ಹಾಕದ ಇನ್ನೊಂದು ಪಾತ್ರೆಯನ್ನೂ ಪಕ್ಕದಲ್ಲಿ ಇಟ್ಟು ಕಳೆಯಬೇಕು, ಹಳಸಿದ ಹಾಲಿನಲ್ಲಿ ಮೊದಲೇ ಅಮೋನಿಯಾ ಇರಬಹುದು.

ಲೆಕ್ಕವೂ ಅನುಕೂಲವಾಗಿದೆ. 70 ಮಿಲಿಗ್ರಾಂ ಅಂದರೆ ಲೀಟರಿಗೆ 11.7 ಮಿಲಿಮೋಲ್. ಮಾಮೂಲಿ ಹಾಲಿನಲ್ಲಿ 20ರಿಂದ 35 ಮಿಲಿಗ್ರಾಂ, ಅಂದರೆ 3ರಿಂದ 6. ಮೈಕ್ರೋಮೋಲಾರ್‌ವರೆಗೆ ಹೋಗುವ ಹಟ ಬೇಡ. 35ಕ್ಕೂ 70ಕ್ಕೂ ಇರುವ ವ್ಯತ್ಯಾಸ ಪ್ರತಿ ಸಲ ಖಚಿತವಾಗಿ ಹೇಳಿದರೆ ಸಾಕು. ತೇವಾಂಶ ಮಾತ್ರ ನೋಡಿಕೊಳ್ಳಿ. ಪಾಲಿಅನಿಲಿನ್ ಪದರದ ರೋಧ ತೇವಕ್ಕೂ ಬದಲಾಗುತ್ತದೆ.

ಬಯಲುಸೀಮೆ_ಬಸು | ಶುಕ್ರವಾರ

ಇದು ಸರಿಯಾದ ಕೆಲಸ. ಒಂದು ಸೇರಿಸುತ್ತೇನೆ. ಅಚ್ಚು ಹಾಕಿದ ಪದರ ಎರಡು ಮಾಡಿ, ಒಂದನ್ನು ಅಮೋನಿಯಾಗೆ ತೆರೆದಿಡಿ, ಇನ್ನೊಂದನ್ನು ಅದೇ ತೇವದಲ್ಲಿ ಅಮೋನಿಯಾ ತಾಗದಂತೆ ಇಡಿ. ಎರಡರ ಅನುಪಾತ ತೆಗೆದುಕೊಂಡರೆ ತೇವದ ಪರಿಣಾಮ ಬಹುಪಾಲು ಕಳೆದುಹೋಗುತ್ತದೆ. ಗ್ಲೂಕೋಸ್ ಬಿಡಲು ಮನಸ್ಸಿಲ್ಲದಿದ್ದರೆ ಪೆರಾಕ್ಸಿಡೇಸನ್ನೂ ಜೊತೆಗೆ ಇಟ್ಟು -0.1 ವೋಲ್ಟ್ ಆಸುಪಾಸಿನಲ್ಲಿ ಅಳೆಯಿರಿ. ವಿಟಮಿನ್ ಸಿ ಕಾಟ ಬಹಳ ಕಡಿಮೆಯಾಗುತ್ತದೆ. +0.6ರಲ್ಲಿ ಗಂಟೆಗಟ್ಟಲೆ ಇಟ್ಟರೆ ಪಾಲಿಅನಿಲಿನ್ ತಾನೇ ಉತ್ಕರ್ಷಿಸಿ ಕೊಳೆಯುತ್ತದೆ. ನಿಮ್ಮ ಐದನೇ ದಿನದ ಸಾವಿಗೆ ಅದೂ ಕಾರಣ ಇದ್ದೀತು.

ಅನಿಲಿನ್_ಹಸಿರು | ಹತ್ತು ದಿನದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಎಲ್ಲವನ್ನೂ ಮಾಡಿ ನೋಡಿಯೇ ಬರೆಯೋಣ ಅಂತ.

ಜೀಟಾ ಋಣ ಬಂತು. ತುಂಗಕ್ಕ ಹೇಳಿದ್ದೇ ಸರಿ. ನೈಟ್ರೋಜನ್ ಬಿಟ್ಟು ಗ್ಲೂಕೋಸ್ ಹಾಕಿದೆ, -0.45ರ ಪೀಕ್ ಒಂದು ಕೂದಲೂ ಅಲುಗಲಿಲ್ಲ. ಕುದಿಸಿದ ಕಿಣ್ವದಲ್ಲಿ ಅದೇ ಪೀಕ್ ಇನ್ನೂ ದೊಡ್ಡದಾಗಿ ಬಂತು. ಎರಡು ಗ್ರಾಫನ್ನೂ ಒಂದೇ ಹಾಳೆಯಲ್ಲಿ ಅಚ್ಚು ತೆಗೆದು ಗೈಡ್ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿ, ಆ ಪೇಪರ್ ಬೇಡ ಅಂದರು. ಇಷ್ಟು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಬಂತು.

ನಿನ್ನೆ ಹಾಲಿನ ಪ್ರಯೋಗ. ಇಂಕ್‌ಜೆಟ್ ಇಲ್ಲ, ಬ್ರಷ್‌ನಲ್ಲೇ ಪಟ್ಟಿಯ ಎರಡು ಕಾರ್ಬನ್ ಗೆರೆಗಳ ನಡುವೆ ಹಸಿರು ಬಳಿದೆ. ಮನೆಯ ಹಾಲು ಹತ್ತು ಪಟ್ಟು ತೆಳು ಮಾಡಿ ಒಂದು ಬಾಟಲಿಗೆ ಹಾಗೇ, ಇನ್ನೊಂದಕ್ಕೆ ಯೂರಿಯಾ ಬೆರೆಸಿ, ಎರಡಕ್ಕೂ ಯೂರಿಯೇಸ್ ಹಾಕಿ, ಕ್ಷಾರ ಸೇರಿಸಿ ಪೊರೆ ಕಟ್ಟಿ ಮುಚ್ಚಿದೆ. ಮೊದಲ ಬಾಟಲಿಯ ಪಟ್ಟಿ ಅಂಚಿನಲ್ಲಿ ಮಾತ್ರ ಸ್ವಲ್ಪ ಕಂದಿತು. ಎರಡನೆಯದರ ಪಟ್ಟಿ ನಾನು ನೋಡುತ್ತಿದ್ದ ಹಾಗೇ ಅಂಚಿನಿಂದ ನಡುವಿನ ತನಕ ನೀಲಿಯಾಯಿತು, ಮಲ್ಟಿಮೀಟರಿನಲ್ಲಿ ರೋಧ ಏರುತ್ತಲೇ ಹೋಯಿತು. ಗಾಳಿಗೆ ಇಟ್ಟ ಮೇಲೆ ನಿಧಾನವಾಗಿ ಮತ್ತೆ ಹಸಿರಿಗೆ ಬಂತು, ಆದರೆ ಪೂರ್ತಿ ಮೊದಲಿನಷ್ಟಲ್ಲ. ಒಂದು ಪಟ್ಟಿ ಎಷ್ಟು ಸಲ ಬಳಸಬಹುದು ಅನ್ನುವುದು ಮುಂದಿನ ಕೆಲಸ.

ಕಾವೇರಿ ಅಕ್ಕಾ, ಮಗಳ ಮೀಟರ್ ಹೋಲಿಸಿ ನೋಡಿದಿರಾ?

ಡೈರಿ_ಲ್ಯಾಬ್ | ಅದೇ ದಿನ ಸಂಜೆ

ನೀವು ಬೆರೆಸಿದ ಹಾಲು ನಿಮಗೆ ಮೊದಲೇ ಗೊತ್ತಿತ್ತು, ಅದು ಸಾಲದು. ನಾನು 20 ಶೀಶೆ ತಯಾರು ಮಾಡುತ್ತೇನೆ, ಹಸು, ಎಮ್ಮೆ ಎರಡೂ ಇರುತ್ತದೆ, ಕೆಲವಕ್ಕೆ ಯೂರಿಯಾ ಹಾಕಿ ಕೆಲವಕ್ಕೆ ಹಾಕದೆ, ಮೇಲೆ ನಂಬರ್ ಮಾತ್ರ ಬರೆಯುತ್ತೇನೆ. ಯಾವುದರಲ್ಲಿ ಎಷ್ಟು ಅಂತ ನನ್ನ ಪುಸ್ತಕದಲ್ಲಿರುತ್ತದೆ. ಐಸ್ ಪೆಟ್ಟಿಗೆ ತಗೊಂಡು ಬನ್ನಿ. ಬೆಳಗ್ಗೆ ಆರಕ್ಕೆ ಮೊದಲು ಬಂದರೆ ಹಾಲು ಇನ್ನೂ ತಾಜಾ ಇರುತ್ತದೆ.

ಕಾವೇರಿ_ಅಮ್ಮ | ಅದೇ ರಾತ್ರಿ

ನೋಡಿದೆವು ತಂಗಿ. ಲ್ಯಾಬಿನಲ್ಲಿ 142, ನಮ್ಮ ಮೀಟರಿನಲ್ಲಿ 150. ಡಾಕ್ಟರ್ ಸರಿಯಿದೆ ಅಂದರು. ಈಗ ಪ್ರತಿ ಸಲ ಅವಳೇ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಬೆರಳು ಕೊಡುತ್ತಾಳೆ.